ಮೂರನೆಯದು, ಯಾವ ಕಡೆಯಿಂದ?

ಶಲಬಿಯ ಟ್ಯಾಕ್ಸಿಯ ಇಂಜಿನ್ ಮಿಸ್ ಹೊಡೆಯಲು ಶುರುವಾದದ್ದು ಭಾನುವಾರ. ಅವನಿಗೆ ಮೆಕ್ಯಾನಿಕ್ ಫಿಕ್ರಿಯ ಮೇಲೆ ಸಂಶಯ ಶುರುವಾದದ್ದು ಅದಕ್ಕೂ ಮೂರು ವಾರ ಮುಂಚೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೈಲ್ ದಂಡೆಯ ಮನ್ಸೂರಾದಲ್ಲಿ ಈ ಕತೆ ಕೇಳಿದವರೆಲ್ಲ ಕಾರಿನಿಂದಲೇ ಎಲ್ಲ ಆಯಿತು ಅಂದುಕೊಂಡಿದ್ದಾರೆ. ಪಾಪ, ಆ ಕಾರೇನು ಮಾಡೀತು!

ಮೂರು ವಾರದ ಹಿಂದೆ ಫಿಕ್ರಿಯ ಹೆಂಡತಿ ತನ್ನ ತಂಗಿಯನ್ನು ಕರೆದುಕೊಂಡು, ಒಂದು ಪೊಟ್ಟಣ ಬಸ್ಬೂಸಾ ಸಿಹಿ ಹಿಡಿದುಕೊಂಡು ಶಲಬಿಯ ಮನೆಗೆ ಬಂದಿದ್ದಳು. ತಮ್ಮ ಮಗ ರಾಫತನಿಗೆ ಶಲಬಿಯ ಮಗಳು ನಗ್ಲಾಳನ್ನು ಕೇಳಿದಳು. ನಗ್ಲಾ ಪ್ರೈಮರಿ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಟೀಚರು. ರಾಫತ ನೀರಿನ ಕಚೇರಿಯಲ್ಲಿ ಕೆಲಸದಲ್ಲಿದ್ದ. ಹುಡುಗ ಒಪ್ಪಿದ್ದ, ಹುಡುಗಿ ತಲೆ ತಗ್ಗಿಸಿ ನಕ್ಕಿದ್ದಳು, ತಾಯಿ ಕರೀಮಾ ಅಡುಗೆಮನೆಯಲ್ಲೇ ಖುಷಿಯಿಂದ ಕಿಲಕಿಲ ಕೂಗು ಹಾಕಿಬಿಟ್ಟಿದ್ದಳು. ಉಳಿದದ್ದು ಶಲಬಿ ಒಬ್ಬನೇ.

ಶಲಬಿ ಏನು ಮಾಡಿದ? ವಿಚಾರಿಸಲು ಹೊರಟ. ಹೆಣ್ಣಿನ ತಂದೆ ಗಂಡಿನ ಬಗ್ಗೆ ನಾಲ್ಕು ಕಡೆ ಕೇಳುವುದು ಎಲ್ಲರೂ ಮಾಡುವುದೇ. ಆದರೆ ಇವನು ಕೇಳಿದ ರೀತಿಯೇ ಬೇರೆ. ದಿನಸಿ ಅಂಗಡಿಯವನು "ಚಿನ್ನದಂಥಾ ಹುಡುಗ" ಅಂದರೆ, ಈ ಅಂಗಡಿಯವನ ವ್ಯಾನನ್ನು ಫಿಕ್ರಿ ಬಿಟ್ಟಿ ರಿಪೇರಿ ಮಾಡಿಕೊಟ್ಟಿರಬೇಕು ಅಂದುಕೊಂಡ. ನೀರಿನ ಕಚೇರಿಯ ಕಾವಲುಗಾರ "ಒಂದು ಸಿಗರೇಟೂ ಸೇದಲ್ಲ" ಅಂದರೆ, ಸೇದದವನು ಇನ್ನೇನೋ ಮಾಡುತ್ತಿರಬೇಕು ಅಂದುಕೊಂಡ. ಇಪ್ಪತ್ತು ವರ್ಷ ತನ್ನನ್ನು "ಏನಯ್ಯಾ ಶಲಬಿ" ಎನ್ನುತ್ತಿದ್ದ ಫಿಕ್ರಿ ಈಗ ಬಹುವಚನ ಕೊಟ್ಟು ಮಾತಾಡತೊಡಗಿದ್ದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ತಂದಿತು.

ಅವನ ಸ್ವಭಾವವೇ ಹಾಗೆ ಬಿಡಿ. ಕಾರಿನ ಬ್ಯಾಟರಿ, ಸ್ಟೆಪ್ನಿ, ಜಾಕ್, ಕೊನೆಗೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳ ಮೇಲೂ ಮಗಳ ಕೆಂಪು ನೈಲ್ ಪಾಲಿಶಿನಿಂದ ಒಂದೊಂದು ಚುಕ್ಕೆ ಇಟ್ಟಿದ್ದ. ಗ್ಯಾರೇಜಿನಲ್ಲಿ ಯಾರಾದರೂ ಅದಲುಬದಲು ಮಾಡಿದರೆ ಗೊತ್ತಾಗಲಿ ಎಂದು. ನಗ್ಲಾಳ ನೈಲ್ ಪಾಲಿಶ್ ಅವಳ ಉಗುರಿಗಿಂತ ಅಪ್ಪನ ಕಾರಿಗೇ ಹೆಚ್ಚು ಖರ್ಚಾಗಿತ್ತು.

ಇನ್ನೂ ಒಂದು ವಿಷಯ ಒಳಗೆ ಕೊರೆಯುತ್ತಿತ್ತು. ಶಲಬಿ ಓದಿದವನು. ಒಂಬತ್ತನೇ ತರಗತಿ ಪಾಸಾದ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದಾನೆ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಪೇಪರು ಬಿಡಿಸಿ ಬೇರೆ ಡ್ರೈವರುಗಳಿಗೆ ಗಟ್ಟಿಯಾಗಿ ಓದಿ ಹೇಳುವವನು ಅವನೇ. ಫಿಕ್ರಿಗೆ ಅಕ್ಷರ ಬರುವುದಿಲ್ಲ. ಸಹಿ ಹಾಕಬೇಕಾದ ಕಡೆ ಜೇಬಿನಿಂದ ಹಿತ್ತಾಳೆಯ ಮುದ್ರೆ ತೆಗೆದು ಒತ್ತುವ ಮನುಷ್ಯ. ಮಕ್ಕಳಿಗೆ ಅಕ್ಷರ ಕಲಿಸುವವಳನ್ನು ಮುದ್ರೆ ಒತ್ತುವವನ ಮನೆಗೆ ಕೊಡುವುದೇ? ಬಾಯಿಬಿಟ್ಟು ಹೇಳಲು ನಾಚಿಕೆ, ಹಾಗಾಗಿ ಬೇರೆ ಏನಾದರೂ ತಪ್ಪು ಸಿಗಲಿ ಎಂದು ಕಾಯುತ್ತಿದ್ದ. ಸಿಗಲಿಲ್ಲ. ಕರೀಮಾಳ ಕಾಟ ತಡೆಯಲಾರದೆ, ಬರುವ ಗುರುವಾರ ಫಿಕ್ರಿಯ ಮನೆಯ ಗಂಡಸರು ಬಂದು ಎರಡೂ ಕಡೆಯವರು ಕೂತು ಫಾತಿಹಾ ಪ್ರಾರ್ಥನೆ ಓದುವುದು ಎಂದು ಒಪ್ಪಿಕೊಂಡ. ಫಾತಿಹಾ ಓದಿದರೆಂದರೆ ಮಾತು ಕೊಟ್ಟಂತೆ, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ.

ಅಷ್ಟರಲ್ಲಿ, ಭಾನುವಾರ, ತಲ್ಖಾ ಸೇತುವೆ ಹತ್ತುವಾಗ ಕಾರು ಕುಂಟಿತು.

ಅದು ಹಳೇ ನೂರಿಪ್ಪತ್ತೆಂಟು. ಮಾಡೆಲ್ ನಂಬರಿನಿಂದಲೇ ಆ ಕಾರನ್ನು ಎಲ್ಲರೂ ಕರೆಯುವುದು. ಸ್ಟಿಯರಿಂಗ್ ನಡುಗಿತು, ಸೈಲೆನ್ಸರಿನಿಂದ ಪಟ್ ಪಟ್ ಸದ್ದು, ಕಾಲು ಎಷ್ಟೇ ಒತ್ತಿದರೂ ಎಳೆತವಿಲ್ಲ. ಶಲಬಿ ನೇರವಾಗಿ ಫಿಕ್ರಿಯ ಗ್ಯಾರೇಜಿಗೆ ಹೋದ. ಬೇರೆ ಮೆಕ್ಯಾನಿಕ್ ಇರಲಿಲ್ಲವೆಂದಲ್ಲ. ಮನುಷ್ಯನನ್ನು ಅಳೆದು ನೋಡಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ ಎಂದು ಅವನ ಲೆಕ್ಕ.

"ಬನ್ನಿ ಉಸ್ತಾ, ಬನ್ನಿ! ಮನೇಲೆಲ್ಲಾ ಚೆನ್ನಾಗಿದಾರಾ?" ಎಂದ ಫಿಕ್ರಿ, ಕೈ ಒರೆಸಿಕೊಳ್ಳುತ್ತಾ. ಡ್ರೈವರು, ಮೆಕ್ಯಾನಿಕ್, ಇವರನ್ನೆಲ್ಲ ಗೌರವದಿಂದ ಉಸ್ತಾ ಎಂದೇ ಕರೆಯುವುದು. ದಪ್ಪ ಮೀಸೆ, ಗಿಡ್ಡ ಆಳು, ಬೆರಳುಗಳು ಮಾತ್ರ ಉದ್ದ.

"ಚೆನ್ನಾಗಿದಾರೆ. ಗಾಡಿ ಚೆನ್ನಾಗಿಲ್ಲ."

"ನೀವು ಒಳಗೆ ಕೂತು ಸ್ವಲ್ಪ ರೇಸ್ ಕೊಡಿ. ನಾನು ನೋಡ್ತೀನಿ."

ಶಲಬಿ ಸೀಟಿನಲ್ಲಿ ಕೂತ. ಬಾನೆಟ್ ಎತ್ತಿದ ಮೇಲೆ ಮುಂದೆ ಏನು ನಡೆಯುತ್ತಿದೆ ಎಂದು ಕಾಣುವುದೆಲ್ಲಿ? ಬೇಕಂತಲೇ ನನ್ನನ್ನು ಇಲ್ಲಿ ಕೂರಿಸಿದ್ದಾನೆ ಎಂದುಕೊಂಡ. ಫಿಕ್ರಿ ಬಟ್ಟೆ ಸುತ್ತಿದ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುತ್ತಾ, ಮತ್ತೆ ಹಾಕುತ್ತಾ ಹೋದ. ಒಂದು ಕಿತ್ತಾಗ ಇಂಜಿನ್ನಿನ ಸದ್ದು ಕುಗ್ಗಿತು, ಹಾಕಿದಾಗ ಮೇಲೆದ್ದಿತು. ಇನ್ನೊಂದಕ್ಕೂ ಹಾಗೇ. ಮತ್ತೊಂದನ್ನು ಕಿತ್ತಾಗ ಸದ್ದು ಇದ್ದ ಹಾಗೇ ಇತ್ತು.

"ಸಿಕ್ಕಿದ ನೋಡಿ!" ಎಂದು ಫಿಕ್ರಿ ಬಾನೆಟ್ಟಿನ ಆಚೆಯಿಂದ ಕೂಗಿದ. "ನಾಲ್ಕು ಜನ ಅಣ್ಣತಮ್ಮಂದಿರು ಇರೋ ಮನೆ ಇದು. ಯಾರು ಎದ್ದುಹೋದ್ರೂ ಮನೆಗೆ ಗೊತ್ತಾಗ್ಬೇಕು. ಇವನು ಎದ್ದುಹೋದ್ರೆ ಗೊತ್ತೇ ಆಗ್ತಿಲ್ಲ. ಕೂತು ತಿನ್ನೋ ಗಿರಾಕಿ! ಮೂರನೇದು. ಮೂರನೇದು ಸತ್ತಿದೆ."

ಶಲಬಿ ಇಳಿದು ಬರುವಷ್ಟರಲ್ಲಿ ಫಿಕ್ರಿ ಹೊಸ ಪ್ಲಗ್ ತಿರುಗಿಸಿ ಬಿಗಿ ಮಾಡಿ, ಅದರ ಮೇಲೆ ವೈರಿನ ಟೋಪಿ ಹಾಕಿಯಾಗಿತ್ತು.

"ಹಳೇದೆಲ್ಲಿ?" ಎಂದ ಶಲಬಿ.

"ಅಯ್ಯೋ, ಕೈ ಜಾರಿ ಕೊಳೆ ಎಣ್ಣೆ ಡ್ರಮ್ಮಿಗೆ ಬಿತ್ತು. ಹುಡುಕ್ಲಾ?"

"ಬೇಡ ಬಿಡಿ" ಎಂದ ಶಲಬಿ. ಆದರೆ ಮನಸ್ಸಿನಲ್ಲಿ ಅದನ್ನು ಗಂಟು ಹಾಕಿಟ್ಟುಕೊಂಡ.

"ಇನ್ನೊಂದು ಮಾತು ಉಸ್ತಾ. ಅದರ ವೈರೂ ಹಳೇದಾಗಿದೆ, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅದನ್ನೂ ಬದಲಾಯಿಸಿಬಿಡೋಣ."

ಬಂತು ನೋಡಿ ಎಂದುಕೊಂಡ ಶಲಬಿ. ಇವತ್ತು ಪ್ಲಗ್ಗು, ಆಮೇಲೆ ವೈರು, ನಾಳೆ ಇಂಜಿನ್ನೇ ಬೇರೆ ಹಾಕೋಣ ಅಂತಾನೆ. "ಬೇಡ. ಈಗ ನಡೀತಿದೆಯಲ್ಲ, ಸಾಕು."

"ನಿಮ್ಮಿಷ್ಟ. ನೀರು ಮಾತ್ರ ತಾಗಿಸ್ಬೇಡಿ" ಎಂದ ಫಿಕ್ರಿ.

ಕಾರು ಸೇತುವೆಯನ್ನು ಕುದುರೆಯ ಹಾಗೆ ಹತ್ತಿತು. ಶಲಬಿಗೆ ಸಮಾಧಾನವಾಗಬೇಕಿತ್ತು ತಾನೇ? ಇಷ್ಟು ಬೇಗ ಸರಿಹೋಯಿತೇ ಎಂದು ಅದಕ್ಕೂ ಅನುಮಾನಪಟ್ಟ.

ಮಂಗಳವಾರ ಮಧ್ಯಾಹ್ನ ಅವನು ಕಾರು ತೊಳೆದ. ಗುರುವಾರ ಬೀಗರಾಗುವವರು ಬರುತ್ತಾರೆ, ಬಾಗಿಲ ಮುಂದೆ ಕೊಳಕು ಕಾರು ನಿಂತಿರುವುದು ಬೇಡವೆಂದು ಕರೀಮಾ ಹೇಳಿದ್ದಳು. ಮೇಲೆ ತೊಳೆದವನು ಅಷ್ಟಕ್ಕೆ ಬಿಡಬೇಕಿತ್ತು. ಮೆಕ್ಯಾನಿಕ್ ಬರುತ್ತಾನೆ, ಬಾನೆಟ್ ಎತ್ತಿ ನೋಡಿದರೂ ನೋಡಿದನೇ ಎಂದುಕೊಂಡು ಇಂಜಿನ್ನಿಗೂ ಪೈಪು ಹಿಡಿದು ಚೆನ್ನಾಗಿ ನೀರು ಹೊಡೆದ. ನೀರು ತಾಗಿಸಬೇಡಿ ಎಂದಿದ್ದು ಅವನ ತಲೆಯಲ್ಲಿ ಇರಲೇ ಇಲ್ಲ. ಫಿಕ್ರಿಯ ಮಾತಿನಲ್ಲಿ ಅವನು ನೆನಪಿಟ್ಟುಕೊಂಡದ್ದು ಅನುಮಾನಕ್ಕೆ ಬೇಕಾದದ್ದನ್ನು ಮಾತ್ರ.

ಬುಧವಾರ ಬೆಳಿಗ್ಗೆ ನಡುಚಳಿಗಾಲದ ತೂಬಾ ತಿಂಗಳ ಚಳಿ, ನೈಲ್ ನದಿಯ ಮೇಲೆ ಮಂಜು. ಮೊದಲ ಗಿರಾಕಿ ಹತ್ತಿ ನೂರು ಗಜ ಹೋಗುವುದರೊಳಗೆ ಮತ್ತೆ ಪಟ್ ಪಟ್.

"ಏನ್ ಉಸ್ತಾ, ಗಾಡಿಗೆ ಕೆಮ್ಮಾ? ಅದಕ್ಕೂ ಒಂದು ಲೋಟ ಬಿಸಿ ಸೋಂಪು ನೀರು ಕುಡಿಸು" ಎಂದು ಗಿರಾಕಿ ನಗುತ್ತಾ ಇಳಿದುಹೋದ.

ಶಲಬಿಗೆ ಮೈಯೆಲ್ಲ ಉರಿಯಿತು. ಕಾಲುವೆಯ ಪಕ್ಕ ನಿಲ್ಲಿಸಿ ಬಾನೆಟ್ ಎತ್ತಿದ. ಬಂಪರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದ. ಒಂದು, ಎರಡು, ಮೂರು. ಮೂರನೆಯದರ ಟೋಪಿ ಕಿತ್ತು, ಪಾನಾ ಹಾಕಿ ತಿರುಗಿಸಿ ಪ್ಲಗ್ ಹೊರಗೆ ತೆಗೆದ.

ಹೊಸದಲ್ಲ. ಮಸಿ ಹಿಡಿದ ಹಳೆಯ ಪ್ಲಗ್. ಅದರ ಬಿಳಿ ಮೈಮೇಲೆ ನಗ್ಲಾಳ ಕೆಂಪು ನೈಲ್ ಪಾಲಿಶಿನ ಚುಕ್ಕೆ.

ನಿಜ ಹೇಳಬೇಕೆಂದರೆ, ಅವನಿಗೆ ಒಳಗೆಲ್ಲೋ ಒಂಥರಾ ತಂಪಾಯಿತು. ಮೂರು ವಾರದಿಂದ ಹುಡುಕುತ್ತಿದ್ದದ್ದು ಕೊನೆಗೂ ಕೈಗೆ ಸಿಕ್ಕಿತ್ತು. ಇನ್ನೂ ಮೂರು ಪ್ಲಗ್ ಅಲ್ಲೇ ಇದ್ದವು. ಒಂದನ್ನಾದರೂ ಬಿಚ್ಚಿ ನೋಡಿದನೇ? ಇಲ್ಲ! ಡಬ್ಬಿಯಲ್ಲಿದ್ದ ಬೇರೊಂದು ಹಳೆಯ ಪ್ಲಗ್ಗನ್ನು ಆ ಜಾಗಕ್ಕೆ ಹಾಕಿ, ಚುಕ್ಕೆಯಿದ್ದದ್ದನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಮನೆಗೆ ಬಂದ.

ಮನೆಯಲ್ಲಿ ಕರೀಮಾ ನಾಳೆಗೆಂದು ಬಾತುಕೋಳಿಯ ಪುಕ್ಕ ಕೀಳುತ್ತಾ ಕೂತಿದ್ದಳು. ಮಗಳು ಶಾಲೆಯಿಂದ ಆಗತಾನೇ ಬಂದು ಶರಬತ್ತಿನ ಗಾಜಿನ ಲೋಟಗಳನ್ನು ತೊಳೆಯುತ್ತಿದ್ದಳು.

"ಫಾತಿಹಾ ಗೀತಿಹಾ ಏನೂ ಇಲ್ಲ" ಎಂದ ಶಲಬಿ, ಪ್ಲಗ್ಗನ್ನು ಮೇಜಿನ ಮೇಲಿಟ್ಟು. "ಕಳ್ಳನ ಮನೆಗೆ ನನ್ನ ಮಗಳನ್ನ ಕೊಡಲ್ಲ. ಹೊಸದು ಹಾಕಿದೀನಿ ಅಂತ ಹೇಳಿ ನನ್ನ ಹಳೇದನ್ನೇ ಒರೆಸಿಟ್ಟಿದಾನೆ. ಬೀಗನಾಗೋನಿಗೇ ಹೀಗೆ ಮಾಡೋನು ಸೊಸೆಗೆ ಏನು ಮಾಡಲ್ಲ?"

"ಅಲ್ಲಾರೀ, ಒಂದು ಪ್ಲಗ್ಗಿಗೋಸ್ಕರ ಮಗಳ ಬಾಳು ಹಾಳು ಮಾಡ್ತೀರಾ?" ಎಂದು ಕರೀಮಾ ಕೈಯಲ್ಲಿದ್ದ ಬಾತುಕೋಳಿಯನ್ನೇ ಎತ್ತಿ ಕೇಳಿದಳು.

"ಪ್ಲಗ್ಗಿನ ವಿಷಯ ಅಲ್ಲ, ಮನುಷ್ಯನ ವಿಷಯ!"

ನಗ್ಲಾ ಲೋಟ ಕೆಳಗಿಟ್ಟಳು. ಅವಳು ಅಳಲಿಲ್ಲ. ಅತ್ತಿದ್ದರೆ ಶಲಬಿ ಗದರಿಸಿ ಸುಮ್ಮನಾಗಿಸುತ್ತಿದ್ದ. ಪ್ಲಗ್ಗನ್ನು ತಿರುಗಿಸಿ ತನ್ನ ನೈಲ್ ಪಾಲಿಶ್ ಚುಕ್ಕೆಯನ್ನು ನೋಡಿದಳು.

"ಅಪ್ಪಾ, ನಾನು ನಿಮ್ಮನ್ನ ಇದುವರೆಗೆ ಏನಾದ್ರೂ ಬೇಕು ಅಂತ ಕೇಳಿದೀನಾ?"

"ಇಲ್ಲ."

"ಈಗ ಕೇಳ್ತಿದೀನಿ. ಅವ್ರನ್ನ ಒಂದ್ಸಲ ಕೇಳಿ. ಬೈಯೋಕೆ ಮುಂಚೆ ಕೇಳಿ. ಅಷ್ಟು ಸಾಕು."

"ಕೇಳ್ತೀನಿ, ಎಲ್ಲರ ಮುಂದೇನೇ ಕೇಳ್ತೀನಿ" ಎಂದು ಶಲಬಿ ಪ್ಲಗ್ಗನ್ನು ಕಿತ್ತುಕೊಂಡು ಹೊರಟ. ಮೆಟ್ಟಿಲು ಇಳಿಯುವಾಗ ಹಿಂದೆ ಮಗಳು ಲೋಟಗಳನ್ನು ಮತ್ತೆ ಕಪಾಟಿಗೆ ಜೋಡಿಸುವ ಸದ್ದು ಕೇಳಿಸಿತು. ಆ ಸದ್ದು ಅವನಿಗೆ ಹಿಡಿಸಲಿಲ್ಲ.

ಗ್ಯಾರೇಜಿನ ಗಲ್ಲಿಯ ತುದಿಯಲ್ಲಿ ಎಲ್ಲರೂ ಮುಅಲ್ಲಿಮ್, ಅಂದರೆ ಯಜಮಾನ, ಎಂದು ಕರೆಯುವ ಜೂದಾನ ಕಾಫಿ ಅಂಗಡಿ. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಫಿಕ್ರಿ ಅಲ್ಲೇ ಡೊಮಿನೋ ಆಡುತ್ತಾನೆಂದು ಊರಿಗೆಲ್ಲ ಗೊತ್ತು. ಶಲಬಿ ಕುಂಟುತ್ತಿದ್ದ ಕಾರನ್ನು ಅಂಗಡಿಯ ಎದುರೇ ನಿಲ್ಲಿಸಿ, ನೇರ ಒಳನುಗ್ಗಿ, ಆಟದ ನಡುವೆ ಪ್ಲಗ್ಗನ್ನು ಕುಕ್ಕಿದ. ಡೊಮಿನೋ ಬಿಲ್ಲೆಗಳು ಚೆಲ್ಲಾಪಿಲ್ಲಿಯಾದವು.

"ಇದೇನು ಹೇಳು!"

ಫಿಕ್ರಿ ಪ್ಲಗ್ಗನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದ. "ಪ್ಲಗ್ಗು. ಚೆನ್ನಾಗಿರೋ ಪ್ಲಗ್ಗು. ಇದನ್ಯಾಕೆ ಬಿಚ್ಚಿದ್ರಿ?"

"ಕೇಳಿ ಎಲ್ಲಾರೂ! ಮೂರನೇದಕ್ಕೆ ಹೊಸದು ಹಾಕಿದೀನಿ ಅಂದ. ಇವತ್ತು ಮೂರನೇದನ್ನ ನಾನೇ ನನ್ನ ಕೈಯಾರೆ ಬಿಚ್ಚಿದೆ. ನನ್ನ ಹಳೇ ಪ್ಲಗ್ಗು, ನನ್ನ ಗುರುತು! ನಿನ್ನ ಮಗನಿಗೆ ಹೆಣ್ಣು ಕೇಳೋಕೆ ಬರ್ತೀಯಲ್ಲ, ನಾಚಿಕೆ ಆಗಲ್ವಾ? ಹರಾಮಿ!"

ಹರಾಮಿ, ಅಂದರೆ ಕಳ್ಳ ಎನ್ನುವ ಆ ಮಾತು ಬಾಯಿಂದ ಬಿದ್ದಿದ್ದೇ ತಡ, ಅಂಗಡಿಯಲ್ಲಿ ಹುಕ್ಕಾದ ಗುಳುಗುಳು ಕೂಡ ನಿಂತಿತು. ಫಿಕ್ರಿಯ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬಿಳಿಚಿಕೊಂಡಿತು. ಕೈ ಎತ್ತುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು.

"ಗಾಡಿ ಈಗ ಹೇಗಿದೆ?" ಎಂದು ಕೇಳಿದ ಫಿಕ್ರಿ.

"ಹೇಗಿರತ್ತೆ? ಮತ್ತೆ ಮಿಸ್ ಹೊಡೀತಿದೆ!"

"ಹಾಗಾದ್ರೆ ಬಾ, ನೋಡೋಣ. ನೀನೂ ನನ್ನ ಜೊತೆ ಬಗ್ಗಿ ನೋಡ್ಬೇಕು. ನಿನ್ನ ಕಣ್ಣು ತಪ್ಪಿಸಿ ನಾನು ಒಂದು ಬೋಲ್ಟೂ ಮುಟ್ಟಲ್ಲ."

ಬಹುವಚನ ಹೋಗಿತ್ತು. ಅದು ಶಲಬಿಗೆ ಗೊತ್ತಾಯಿತು.

ಜೂದಾ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಹೊರಗೆ ಬಂದ. ಅವನ ಹಿಂದೆ ಅಂಗಡಿಯಲ್ಲಿದ್ದವರೆಲ್ಲ ಬಂದು ಕಾರಿನ ಸುತ್ತ ನಿಂತರು. ಫಿಕ್ರಿ ಇಂಜಿನ್ ಚಾಲೂ ಮಾಡಿ, ಕಿವಿಗೊಟ್ಟು ಕೇಳಿದ. ಇಂಜಿನ್ನಿನ ಕುಂಟು ಸದ್ದಿನ ನಡುವೆ ಚಟ್, ಚಟ್ ಎಂದು ಸಣ್ಣಗೆ ಏನೋ ಸಿಡಿಯುತ್ತಿತ್ತು. ಅವನು ಗ್ಯಾರೇಜಿನಿಂದ ದಪ್ಪ ಕಪ್ಪು ಕಂಬಳಿ ತಂದ.

"ಬಿಸಿಲಲ್ಲಿ ಇದು ಕಾಣಲ್ಲ, ಕತ್ತಲೆ ಬೇಕು" ಎಂದು ಎತ್ತಿದ ಬಾನೆಟ್ಟಿನ ಮೇಲಿಂದ ಇಬ್ಬರ ಬೆನ್ನಿನವರೆಗೂ ಕಂಬಳಿ ಎಳೆದುಕೊಂಡ.

ಒಳಗೆ ಬಿಸಿ, ಪೆಟ್ರೋಲಿನ ವಾಸನೆ, ಫಿಕ್ರಿಯ ಉಸಿರಿನಲ್ಲಿ ಪುದೀನಾ ಚಹಾದ ವಾಸನೆ. ಈಗಷ್ಟೇ ತಾನು ಕಳ್ಳ ಎಂದು ಬೈದವನ ಕೆನ್ನೆ ಶಲಬಿಯ ಕೆನ್ನೆಗೆ ತಾಗುವಷ್ಟು ಹತ್ತಿರ. ಈ ಕತ್ತಲೆಯಲ್ಲಿ ಇವನು ಏನು ಬೇಕಾದರೂ ಮಾಡಬಹುದು ಎಂದು ಶಲಬಿಗೆ ಹೊಳೆದದ್ದು ಆಗ. ಕೈಯಲ್ಲಿ ಪಾನಾ ಬೇರೆ ಇದೆ.

"ಅಲ್ಲಿ ಕೆಳಗೆ ನೋಡು, ಕಂಡ್ತಾ?" ಎಂದ ಫಿಕ್ರಿ.

ವೈರುಗಳು ಒಂದರ ಮೇಲೊಂದು ಬಿದ್ದಿರುವ ಕಡೆ, ಅವುಗಳ ಅಡಿಯಲ್ಲಿ, ತಿಳಿನೀಲಿ ಬೆಳಕೊಂದು ಮಿನುಗಿ ಮಾಯವಾಯಿತು. ಮತ್ತೆ ಮಿನುಗಿತು.

"ಕಂಡ್ತು. ಏನದು?"

"ಕಿಡಿ. ಪ್ಲಗ್ಗಿಗೆ ಹೋಗ್ಬೇಕಾದ ಕಿಡಿ ದಾರೀಲೇ ಹೊರಗೆ ಹಾರ್ತಿದೆ. ಮೂರನೇ ವೈರು ಅಂತ ನನ್ನ ಲೆಕ್ಕ. ಭಾನುವಾರವೇ ಹೇಳಿದ್ದೆ. ಎಲ್ಲಿ ಒಡೆದಿದೆ ಅಂತ ನೋಡ್ಬೇಕು, ಎರಡನೇದು ಅಡ್ಡ ಬರ್ತಿದೆ. ಎರಡನೇದನ್ನ ಹಿಡಿದು ನಿನ್ನ ಕಡೆಗೆ ಎಳ್ಕೊ."

"ನಾನ್ಯಾಕೆ? ನೀನೇ ಎಳೆ."

"ನನ್ನ ಕೈ ಮುಟ್ಟೋದು ಬೇಡ ಅಂತ ತಾನೇ ನಿನ್ನನ್ನ ಕರ್ಕೊಂಡಿದ್ದು? ಎರಡನೇದು ಗಟ್ಟಿಯಾಗಿದೆ, ಏನೂ ಆಗಲ್ಲ. ಮೂರನೇದನ್ನ ಮಾತ್ರ ಮುಟ್ಬೇಡ, ಹೊಡೆಯತ್ತೆ."

ಶಲಬಿ ಅನುಮಾನಿಸಿದ. ಆದರೆ ಹೊರಗೆ ಜೂದಾ, ಅವನ ಗಿರಾಕಿಗಳು, ಎಲ್ಲರೂ ನಿಂತಿದ್ದಾರೆ. ಹೆದರಿದ ಎಂದರೆ? ಕೈ ಚಾಚಿ, ತಡವಿ, ಮನಸ್ಸಿನಲ್ಲೇ ಎಣಿಸಿ, ಎರಡನೆಯ ವೈರನ್ನು ಬಿಗಿಯಾಗಿ ಹಿಡಿದ.

ಹಿಡಿದದ್ದಷ್ಟೇ ಗೊತ್ತು. ಬೆರಳಿನಿಂದ ಭುಜದವರೆಗೂ ಯಾರೋ ಸುತ್ತಿಗೆಯಿಂದ ಬಡಿದ ಹಾಗಾಯಿತು. ಹಿಂದಕ್ಕೆ ಹಾರಿದ ರಭಸಕ್ಕೆ ತಲೆ ಬಾನೆಟ್ಟಿಗೆ ಠಣ್ಣೆಂದು ಬಡಿಯಿತು.

"ಕೊಲೆಗಾರ! ಬೇಕಂತಲೇ ಹಿಡಿಸಿದೆ! ನನ್ನನ್ನ ಸಾಯಿಸೋಕೆ ಕತ್ತಲೆ ಮಾಡ್ಕೊಂಡೆ!"

ಹೊರಗಿನಿಂದ ಜೂದಾ "ಏನಾಯ್ತೋ?" ಎಂದು ಕಂಬಳಿ ಎಳೆಯಲು ಬಂದ. "ನೀನಿರು ಮುಅಲ್ಲಿಮ್!" ಎಂದು ಫಿಕ್ರಿ ಒಳಗಿನಿಂದಲೇ ಗದರಿದ. ಅವನಿಗೂ ಗಾಬರಿಯಾಗಿತ್ತು. ಶಲಬಿಯ ಕೈ ಹಿಡಿದು ತಿಕ್ಕಿದ. "ಎರಡನೇದಕ್ಕೆ ಹೊಡೀಬಾರ್ದು. ಹೊಡಿಯೋಕೆ ಸಾಧ್ಯವೇ ಇಲ್ಲ. ನೀನು ಯಾವ್ದನ್ನ ಹಿಡಿದೆ?"

"ನೀನು ಹೇಳಿದ್ದನ್ನೇ! ಎರಡನೇದನ್ನ!"

"ಎಣಿಸಿ ತೋರ್ಸು. ಮುಟ್ಬೇಡ, ದೂರದಿಂದ ತೋರ್ಸು."

ಫಿಕ್ರಿ ಕಂಬಳಿಯ ಅಂಚನ್ನು ಒಂದಿಷ್ಟು ಎತ್ತಿ ಬೆಳಕು ಬಿಟ್ಟ. ಶಲಬಿ ಬೆರಳು ಚಾಚಿ ತನ್ನ ಬಲಗಡೆಯಿಂದ ಶುರು ಮಾಡಿದ. "ಒಂದು. ಎರಡು. ಇದೇ!"

ಫಿಕ್ರಿ ಆ ಬೆರಳನ್ನೇ ನೋಡುತ್ತಿದ್ದ.

"ಅಲ್ಲಿಂದ ಯಾಕೆ ಶುರು ಮಾಡ್ದೆ?" ಎಂದ ಕೊನೆಗೆ.

"ಮತ್ತೆಲ್ಲಿಂದ ಶುರು ಮಾಡ್ಲಿ? ಯಾರಾದ್ರೂ ಬಲಗಡೆಯಿಂದ ತಾನೇ ಶುರು ಮಾಡೋದು? ಅರಬ್ಬೀ ಅಕ್ಷರ ಓದೋದು, ಬರೆಯೋದು, ಎಲ್ಲಾ ಬಲದಿಂದ ಎಡಕ್ಕೇ..." ಶಲಬಿಯ ಮಾತು ಅಲ್ಲಿಗೇ ಸಿಕ್ಕಿಕೊಂಡಿತು.

"ನಂಗೆ ಓದು ಬರಲ್ಲ ಉಸ್ತಾ" ಎಂದ ಫಿಕ್ರಿ ಮೆಲ್ಲಗೆ. "ನನಗೆ ಬಲಾನೂ ಇಲ್ಲ, ಎಡಾನೂ ಇಲ್ಲ. ಖವಾಗಾ ಸ್ತಾವ್ರೋ ಅಂತ ಒಬ್ಬ ಗ್ರೀಕ್ ಮುದುಕನ ಹತ್ರ ಕೆಲಸ ಕಲಿತೆ. ಬೆಲ್ಟ್ ಇರೋ ಕಡೆ ಒಂದನೇದು, ಅಲ್ಲಿಂದ ಎಣಿಸು ಅಂತ ಕಿವಿ ಹಿಂಡಿ ಹೇಳಿಕೊಟ್ಟ. ನಲವತ್ತು ವರ್ಷದಿಂದ ಹಾಗೇ ಎಣಿಸ್ತಿದೀನಿ."

ಬೆಲ್ಟ್ ಇದ್ದದ್ದು ಎಡಗಡೆ.

ಫಿಕ್ರಿ ಕೈಯನ್ನು ಹಿಂದಕ್ಕೆ ಚಾಚಿ ಇಂಜಿನ್ ಆಫ್ ಮಾಡು ಎಂದು ಜೂದಾನಿಗೆ ಕೂಗಿದ. ಎಲ್ಲ ಸ್ತಬ್ಧವಾಯಿತು. ಬೆಲ್ಟಿನ ಕಡೆಯಿಂದ ಎಣಿಸಿ ಮೂರನೆಯದರ ಟೋಪಿ ತೆಗೆದ, ಶಲಬಿಗೆ ಈಗಷ್ಟೇ ಹೊಡೆದ ಅದೇ ವೈರಿನದು. ಪಾನಾ ತಿರುಗಿಸಿ ಪ್ಲಗ್ಗನ್ನು ಶಲಬಿಯ ಅಂಗೈಯಲ್ಲಿಟ್ಟ. ಮೂರು ದಿನದ ಹಿಂದಿನ ಹೊಸ ಪ್ಲಗ್. ಬಿಳಿ ಮೈ ಹಾಲಿನ ಹಾಗೆ ಬೆಳ್ಳಗಿತ್ತು. ಕೆಂಪು ಚುಕ್ಕೆ ಇರಲಿಲ್ಲ.

ನಾಲ್ಕನ್ನೂ ಬಿಚ್ಚಿ ನೋಡಿದ್ದರೆ! ಇನ್ನೊಂದೇ ಒಂದನ್ನು ಬಿಚ್ಚಿ ನೋಡಿದ್ದರೆ! ಬೈಯೋಕೆ ಮುಂಚೆ ಕೇಳಿ ಎಂದಿದ್ದಳು ಮಗಳು. ಲೋಟಗಳನ್ನು ಕಪಾಟಿಗೆ ಸೇರಿಸಿದ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು.

"ಈ ಗಲ್ಲೀಲಿ ನನಗಿರೋದು ಒಂದು ಹೆಸರು" ಎಂದ ಫಿಕ್ರಿ. ಕತ್ತಲೆಯಲ್ಲಿ ಅವನ ದನಿ ಒಡೆದಿತ್ತು. "ಆಸ್ತಿ ಇಲ್ಲ, ಅಕ್ಷರ ಇಲ್ಲ. ಆ ಹೆಸರನ್ನ ತಗೊಂಡು ಹೋಗಿ ಡೊಮಿನೋ ಮೇಜಿನ ಮೇಲೆ ಕುಕ್ಕಿದೆಯಲ್ಲ ಶಲಬಿ. ನನ್ನ ಮಗ ಇದನ್ನ ಕೇಳಿದ್ರೆ ನಾನು ಯಾವ ಮುಖ ಇಟ್ಕೊಂಡು ನಿಮ್ಮನೇಗೆ ಬರ್ಲಿ?"

ಫಿಕ್ರಿ ಪ್ಲಗ್ಗನ್ನು ಮತ್ತೆ ಅದರ ಜಾಗಕ್ಕೆ ಬಿಗಿದು ಕಂಬಳಿ ಎತ್ತಿ ಹಾಕಿದ. ಬಿಸಿಲು ಕಣ್ಣಿಗೆ ಚುಚ್ಚಿತು. ಸುತ್ತ ಹತ್ತು ಹನ್ನೆರಡು ಮುಖ.

"ಏನಾಗಿತ್ತು ಉಸ್ತಾ ಫಿಕ್ರಿ?" ಎಂದ ಜೂದಾ.

"ವೈರು ಒಡೆದಿತ್ತು. ನೀರು ಸೇರ್ಕೊಂಡು ಕಿಡಿ ಹೊರಗೆ ಹಾರ್ತಿತ್ತು. ಬದಲಾಯಿಸ್ತೀನಿ, ಸರಿಹೋಗತ್ತೆ" ಎಂದು ಫಿಕ್ರಿ ಗ್ಯಾರೇಜಿನ ಕಡೆ ತಿರುಗಿದ.

"ಮತ್ತೆ ಆ ಕೆಂಪು ಚುಕ್ಕೆ ಪ್ಲಗ್ಗಿನ ಕತೆ?"

ಫಿಕ್ರಿ ಒಂದು ಕ್ಷಣ ನಿಂತ. ಹಿಂದಕ್ಕೆ ನೋಡಲಿಲ್ಲ, ಏನೂ ಹೇಳಲೂ ಇಲ್ಲ. ಒಳಗೆ ಹೋಗಿ ಹೊಸ ವೈರು ಹುಡುಕತೊಡಗಿದ.

ಕಂಬಳಿಯ ಒಳಗೆ ನಡೆದದ್ದು ಇಬ್ಬರಿಗೆ ಮಾತ್ರ ಗೊತ್ತು. ಫಿಕ್ರಿ ಬಾಯಿ ಬಿಡುವುದಿಲ್ಲ, ಅದೂ ಶಲಬಿಗೆ ಅರ್ಥವಾಯಿತು. ಸುಮ್ಮನಿದ್ದರೆ ಓದಿದವನ ಮರ್ಯಾದೆ ಉಳಿಯುತ್ತದೆ, ಇಷ್ಟು ವರ್ಷ ಪೇಪರು ಓದಿ ಹೇಳಿದ ಮನುಷ್ಯ ನಾಲ್ಕರವರೆಗೆ ಎಣಿಸಲಾರದೆ ಹೋದ ಎಂದು ಯಾರೂ ನಗುವುದಿಲ್ಲ. ಆದರೆ ಹರಾಮಿ ಎನ್ನುವ ಮಾತು ಫಿಕ್ರಿಯ ಹೆಗಲ ಮೇಲೆ ಕೂತೇ ಇರುತ್ತದೆ. ಮಗಳ ಹೆಗಲ ಮೇಲೂ.

"ನಾನು ಹೇಳ್ತೀನಿ" ಎಂದ ಶಲಬಿ. "ಅವನು ಮೂರನೇದಕ್ಕೆ ಹೊಸದೇ ಹಾಕಿದ್ದ. ನಾನು ಆ ಕಡೆಯಿಂದ ಎಣಿಸೋ ಬದಲು ಈ ಕಡೆಯಿಂದ ಎಣಿಸಿದೆ. ಬಿಚ್ಚಬಾರದ್ದನ್ನ ಬಿಚ್ಚಿದೆ. ವೈರು ಬದಲಾಯಿಸು ಅಂದ, ಬೇಡ ಅಂದೋನೂ ನಾನೇ. ನೀರು ಹಾಕ್ಬೇಡ ಅಂದ, ಹಾಕಿದೋನೂ ನಾನೇ. ಆ ಕೆಟ್ಟ ಮಾತು ಅಂದೆನಲ್ಲ, ಅದನ್ನ ವಾಪಸ್ ತಗೋತೀನಿ. ನಾನು ಅಂದಾಗ ಇಲ್ಲಿ ಯಾರ್ಯಾರು ಇದ್ರಿ, ಈಗ್ಲೂ ಎಲ್ಲಾರೂ ಕೇಳಿಸ್ಕೊಂಡ್ರಿ ತಾನೇ?"

ಒಬ್ಬ ಕಿಸಕ್ಕೆಂದು ನಕ್ಕ. "ಒಂಬತ್ತನೇ ಕ್ಲಾಸು ಪಾಸು!" ಎಂದ ಇನ್ನೊಬ್ಬ.

"ನಗ್ರಪ್ಪಾ, ನಗ್ರಿ" ಎಂದ ಶಲಬಿ. ಅವನ ಕಣ್ಣು ತುಂಬಿತ್ತು. ಮೆಣಸಿನಕಾಯಿ ತಿಂದವನಂತೆ ಮುಖ ಕೆಂಪಗಾಗಿತ್ತು.

ಫಿಕ್ರಿ ಗ್ಯಾರೇಜಿನ ಬಾಗಿಲಲ್ಲಿ ಕಪ್ಪು ವೈರು ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಬಂದು, ಒಡೆದ ವೈರು ಕಿತ್ತು ಹೊಸದನ್ನು ಹಾಕಿದ. ಕೆಂಪು ಚುಕ್ಕೆಯ ಪ್ಲಗ್ಗನ್ನು ಜೂದಾನ ಮೇಜಿನಿಂದ ತರಿಸಿ, ಒರೆಸಿ, ಅದರ ಜಾಗಕ್ಕೆ ಅದನ್ನೇ ಬಿಗಿದ. "ಚಾಲೂ ಮಾಡು" ಎಂದ. ಶಲಬಿ ಕೀಲಿ ತಿರುಗಿಸಿದ. ನಾಲ್ವರು ಅಣ್ಣತಮ್ಮಂದಿರೂ ಒಟ್ಟಿಗೆ ಎದ್ದು ದುಡಿಯತೊಡಗಿದರು. ಇಂಜಿನ್ನಿನ ಮೇಲೆ ಚಹಾ ತುಂಬಿದ ಲೋಟ ಇಟ್ಟರೂ ತುಳುಕುವಂತಿರಲಿಲ್ಲ.

ಶಲಬಿ ಇಳಿದು ಬಂದ. ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರುತ್ತಿರಲಿಲ್ಲ. ನಾಳೆ ಬರುತ್ತೀಯಾ ಎಂದು ಯಾವ ಬಾಯಲ್ಲಿ ಕೇಳುವುದು?

ಫಿಕ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದ, "ನೀನು ನನ್ನ ಮಗನ ವಿಷಯ ಊರೆಲ್ಲಾ ವಿಚಾರಿಸಿದೆ, ಗೊತ್ತು. ನಾನೂ ನಿನ್ನ ವಿಷಯ ವಿಚಾರಿಸಿದ್ದೆ."

"ಏನಂದ್ರು?"

"ಸಂಶಯದ ಪಿಶಾಚಿ ಅಂದ್ರು. ಆದ್ರೆ ಸುಳ್ಳು ಹೇಳಲ್ಲ ಅಂದ್ರು. ಮೊದಲನೇದು ನಂಗೆ ಮೊದ್ಲೇ ಗೊತ್ತಿತ್ತು. ಎರಡನೇದು ನಿಜಾನಾ ಅಂತ ಇವತ್ತು ನೋಡ್ದೆ." ಅವನು ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡ. "ನಾಳೆ ಸಂಜೆ ಮಗ್ರಿಬ್ ನಮಾಜು ಆದ್ಮೇಲೆ ಬರ್ತೀವಿ. ನಿಮ್ಮನೆ ನಾನು ನೋಡಿಲ್ಲ, ಹೆಂಗಸರು ಮಾತ್ರ ಬಂದಿದ್ದು. ಎಲ್ಲಿ ಬರತ್ತೆ?"

ಶಲಬಿಗೆ ಉಸಿರು ಬಂತು. "ಶೇಖ್ ಹಸನೈನ್ ಗಲ್ಲಿ. ಗಲ್ಲಿ ಒಳಗೆ ಬಂದ್ರೆ ಮೂರನೇ ಬಾಗಿಲು."

"ಯಾವ ಕಡೆಯಿಂದ?" ಎಂದ ಫಿಕ್ರಿ.

ಇಡೀ ಅಂಗಡಿ ಘೊಳ್ಳೆಂದು ನಕ್ಕಿತು. ಜೂದಾ ಟ್ರೇ ಬಡಿದು ನಕ್ಕ. ಫಿಕ್ರಿ ಮಾತ್ರ ನಗದೆ, ಮೀಸೆಯ ಕೆಳಗೆ ತುಟಿ ಬಿಗಿಹಿಡಿದು, ಉತ್ತರಕ್ಕೆ ಕಾಯುತ್ತಾ ನಿಂತಿದ್ದ.

ಬಲಗಡೆ ಎನ್ನಲು ಹೊರಟ ಶಲಬಿ ನಾಲಿಗೆ ಕಚ್ಚಿಕೊಂಡ.

"ನೀವು ಎಣಿಸೋದೇ ಬೇಡ ಉಸ್ತಾ" ಎಂದ. "ನಾನೇ ಗಲ್ಲಿ ಬಾಯಲ್ಲಿ ಬಂದು ನಿಂತಿರ್ತೀನಿ."